ಮನೆಯ ನೆಟ್‌ವರ್ಕ್ ಪ್ಲೇಯರ್‌ನಲ್ಲಿ ಹೈ ರೆಸೊಲ್ಯೂಶನ್ ಸಂಗೀತ: ಫೈಲ್ ಇದ್ದ ಹಾಗೆಯೇ ಡ್ಯಾಕ್ ತಲುಪುವಂತೆ ಮಾಡುವುದು ಹೇಗೆ?

ನಮ್ಮ ತಂದೆ 1980ರ ದಶಕದಲ್ಲಿ ರಾಮನವಮಿ ಚಪ್ಪರಗಳಲ್ಲಿ ಕುಳಿತು ಧ್ವನಿಮುದ್ರಿಸಿಕೊಂಡ ಕ್ಯಾಸೆಟ್‌ಗಳು ಒಂದು ತಗಡಿನ ಪೆಟ್ಟಿಗೆಯ ತುಂಬ ಇದ್ದವು. ಒಂದು ಬೇಸಿಗೆಯಿಡೀ ಕುಳಿತು ಅವನ್ನು 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಕಂಪ್ಯೂಟರಿಗೆ ಇಳಿಸಿದೆ. ಅಂದರೆ ಸದ್ದನ್ನು ಸೆಕೆಂಡಿಗೆ 96,000 ಸಲ ಅಳೆದು, ಪ್ರತಿ ಅಳತೆಯನ್ನೂ 24 ಬಿಟ್‌ಗಳ ಸಂಖ್ಯೆಯಾಗಿ ಬರೆದಿಟ್ಟದ್ದು. ಹಳೆಯ ಧ್ವನಿಮುದ್ರಣಗಳನ್ನು ಕಾಪಿಡುವವರು ಪಾಲಿಸುವ ಅಂತರರಾಷ್ಟ್ರೀಯ ಮಾರ್ಗಸೂಚಿ ಕನಿಷ್ಠ 24 ಬಿಟ್, 48 ಕಿಲೋಹರ್ಟ್ಸ್ ಇರಲಿ, 96 ಆದರೆ ಇನ್ನೂ ಒಳ್ಳೆಯದು ಎನ್ನುತ್ತದೆ. ಕೆಲಸ ಮುಗಿದ ದಿನ ಫೈಲ್‌ಗಳನ್ನು ನೆಟ್‌ವರ್ಕ್ ಪ್ಲೇಯರ್‌ಗೆ, ಅಂದರೆ ಮನೆಯ ನೆಟ್‌ವರ್ಕಿನಿಂದ ಸಂಗೀತ ಪಡೆದು ನುಡಿಸುವ ಸಾಧನಕ್ಕೆ ಕೊಟ್ಟು ಕೇಳಲು ಕುಳಿತರೆ, ಡಿಜಿಟಲ್ ಸಂಖ್ಯೆಗಳನ್ನು ಸದ್ದಿನ ಸಂಕೇತವಾಗಿ ತಿರುಗಿಸುವ ಡ್ಯಾಕ್‌ನ ಪುಟ್ಟ ಪರದೆ 48 ಎಂದು ತೋರಿಸುತ್ತಿತ್ತು. ಪ್ಲೇಯರ್ ಬಂದ ಪೆಟ್ಟಿಗೆಯ ಮೇಲೆ ಹೈ ರೆಸೊಲ್ಯೂಶನ್ ಮುದ್ರೆಯೇನೋ ಇತ್ತು. ಆದರೂ ಫೈಲ್‌ನಿಂದ ಡ್ಯಾಕ್‌ವರೆಗಿನ ದಾರಿಯಲ್ಲಿ ಎಲ್ಲೋ ಒಂದು ಕಡೆ ಸಂಗೀತವನ್ನು ಬಿಚ್ಚಿ, ಅರ್ಧಕ್ಕೆ ಇಳಿಸಿ, ಮತ್ತೆ ಕಟ್ಟಿ ಮುಂದೆ ಕಳುಹಿಸಲಾಗುತ್ತಿತ್ತು.

ಆ 'ಎಲ್ಲೋ' ಎಂಬುದನ್ನು ಹುಡುಕಲು ನನಗೆ ಮೂರು ವಾರ ಹಿಡಿಯಿತು. ನಿಮಗೆ ಒಂದು ಭಾನುವಾರ ಸಾಕಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು 'ನೇಟಿವ್' ಎಂಬ ಮಾತಿನ ಅರ್ಥ ಸ್ಪಷ್ಟವಾಗಬೇಕು. ಸರ್ವರ್ (ಫೈಲ್‌ಗಳನ್ನು ಪ್ಲೇಯರ್‌ಗೆ ಒದಗಿಸುವ ಕಂಪ್ಯೂಟರ್) ಫೈಲನ್ನು ಬೇರೆ ರೂಪಕ್ಕೆ ಬದಲಿಸದೆ ಹಾಗೆಯೇ ಕಳುಹಿಸಬೇಕು, ಪ್ಲೇಯರ್ ತಾನೇ ಅದನ್ನು ಬಿಚ್ಚಬೇಕು, ಬಿಚ್ಚಿದ ಸಂಖ್ಯೆಗಳು ಒಂದೂ ಬದಲಾಗದೆ ಡ್ಯಾಕ್ ಸೇರಬೇಕು. ಈ ಮೂರರಲ್ಲಿ ಮೊದಲನೆಯದು ಮಾತ್ರ ತಪ್ಪಿದರೆ ಅಷ್ಟೇನೂ ಅಪಾಯವಿಲ್ಲ. ಸರ್ವರ್ ಫ್ಲ್ಯಾಕ್ ಫೈಲನ್ನು (ನಷ್ಟವಿಲ್ಲದೆ ಕುಗ್ಗಿಸಿದ ರೂಪ) ಬಿಚ್ಚಿ ಪಿಸಿಎಂ ರೂಪದಲ್ಲಿ (ಕುಗ್ಗಿಸದ ಬರೀ ಸಂಖ್ಯೆಗಳಾಗಿ) ಕಳುಹಿಸಿದರೂ ಸಂಖ್ಯೆಗಳು ಅವೇ ಇರುತ್ತವೆ, ನೆಟ್‌ವರ್ಕಿನ ಹೊರೆ ಮಾತ್ರ ಹೆಚ್ಚುತ್ತದೆ. ಸ್ಯಾಂಪಲ್ ದರ, ಅಂದರೆ ಸೆಕೆಂಡಿಗೆ ಎಷ್ಟು ಅಳತೆ ಎಂಬುದು, ಬದಲಾದರೆ ಅಥವಾ ನಷ್ಟವಾಗುವ ರೂಪಕ್ಕೆ ಪರಿವರ್ತನೆಯಾದರೆ ಮಾತ್ರ ಕಳೆದುಕೊಂಡದ್ದು ಮರಳಿ ಬರುವುದಿಲ್ಲ.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ. ಮನುಷ್ಯನ ಕಿವಿ ಸುಮಾರು 20 ಕಿಲೋಹರ್ಟ್ಸ್‌ವರೆಗೆ ಕೇಳುತ್ತದೆ, ವಯಸ್ಸಾದಂತೆ ಅದೂ ಇಳಿಯುತ್ತದೆ. ಸಿಡಿಯ 44.1 ಕಿಲೋಹರ್ಟ್ಸ್ ದರ ಅಷ್ಟನ್ನು ಹಿಡಿದಿಡಲು ಸಾಕು. 96 ಮತ್ತು 192ರ ನಡುವಿನ ವ್ಯತ್ಯಾಸ ನನಗೆ ಕೇಳಿಸುತ್ತದೆ ಎಂದು ನಾನು ಹೇಳಲಾರೆ. ಆದರೆ ಕಳಪೆಯಾಗಿ ಮಾಡಿದ ದರ ಪರಿವರ್ತನೆ, ಎರಡೆರಡು ಕಡೆ ನಡೆಯುವ ವಾಲ್ಯೂಮ್ ಲೆಕ್ಕಾಚಾರ, ಗೊತ್ತಿಲ್ಲದೆ ನಡುವೆ ನುಸುಳುವ ಎಂಪಿ3 ಇವೆಲ್ಲ ಖಂಡಿತ ಕೇಳಿಸುತ್ತವೆ. ದಾರಿಯನ್ನು ಸ್ವಚ್ಛವಾಗಿಡುವುದು ಅದಕ್ಕಾಗಿ.

ಲೆಕ್ಕವನ್ನೂ ಒಮ್ಮೆ ನೋಡಿಬಿಡೋಣ. ಸಿಡಿ ಗುಣಮಟ್ಟದ ಸ್ಟೀರಿಯೊ ಸಂಗೀತಕ್ಕೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. 24 ಬಿಟ್, 96 ಕಿಲೋಹರ್ಟ್ಸ್ ಆದರೆ 4,608. 24 ಬಿಟ್, 192 ಆದರೆ 9,216. ಒಂದು ಗಂಟೆಯ 24/96 ಸಂಗೀತ ಸುಮಾರು 2 ಗಿಗಾಬೈಟ್, ಮೂರು ಗಂಟೆಯ ಕಚೇರಿ 6 ಗಿಗಾಬೈಟ್. ಫ್ಲ್ಯಾಕ್ ಇದನ್ನು ಒಂದು ಬಿಟ್ಟೂ ಕಳೆಯದೆ ಸಾಕಷ್ಟು ಕುಗ್ಗಿಸುತ್ತದೆ. ಅಂದರೆ 100 ಮೆಗಾಬಿಟ್‌ನ ಹಳೆಯ ಈಥರ್ನೆಟ್ ತಂತಿಗೂ ಇದು ದೊಡ್ಡ ಭಾರವಲ್ಲ. ಅಪಾರ್ಟ್‌ಮೆಂಟಿನಲ್ಲಿ ಇಪ್ಪತ್ತು ಮನೆಗಳ ವೈಫೈ ಒಂದರ ಮೇಲೊಂದು ಬಿದ್ದಿರುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಮಾತ್ರ ಹಾಡು ತಡವರಿಸುತ್ತದೆ. ಸಾಧ್ಯವಿದ್ದರೆ ಪ್ಲೇಯರ್‌ಗೆ ತಂತಿ ಎಳೆಯಿರಿ. ಸಾಧ್ಯವಿಲ್ಲದಿದ್ದರೆ 5 ಗಿಗಾಹರ್ಟ್ಸ್ ಬಳಸಿ.

ತುದಿಯಿಂದ ಹಿಂದಕ್ಕೆ ಬನ್ನಿ

ಬಹಳ ಜನ ಫೈಲ್‌ನಿಂದ ಶುರುಮಾಡುತ್ತಾರೆ. ನಾನೂ ಹಾಗೆಯೇ ಮಾಡಿ ಮೂರು ವಾರ ಕಳೆದುಕೊಂಡೆ. ಡ್ಯಾಕ್‌ನಿಂದ ಶುರುಮಾಡಿ ಒಂದೊಂದೇ ಕೊಂಡಿಯನ್ನು ನೋಡುತ್ತ ಹಿಂದಕ್ಕೆ ಬಂದರೆ ತಪ್ಪು ಬೇಗ ಸಿಗುತ್ತದೆ.

ನಿಮ್ಮ ಡ್ಯಾಕ್ ಎಷ್ಟರವರೆಗೆ ಸ್ವೀಕರಿಸುತ್ತದೆ ಎಂಬುದು ಅದರ ಕೈಪಿಡಿಯಲ್ಲಿರುತ್ತದೆ. ಅದಕ್ಕಿಂತ ಮುಖ್ಯವಾದದ್ದು ಯಾವ ಕಿಂಡಿಯಲ್ಲಿ ಎಷ್ಟು ಎಂಬುದು. ಆಪ್ಟಿಕಲ್ ತಂತಿಯನ್ನು 96 ಕಿಲೋಹರ್ಟ್ಸ್‌ವರೆಗೆ ನಂಬಬಹುದು, 192 ಕೆಲವು ಜೋಡಿಗಳಲ್ಲಿ ಮಾತ್ರ ನಡೆಯುತ್ತದೆ. ಯುಎಸ್‌ಬಿಯಲ್ಲಿ ಎರಡು ತಲೆಮಾರುಗಳಿವೆ. ಹಳೆಯ ಆಡಿಯೊ ಕ್ಲಾಸ್ 1 ಸಾಧನಗಳು 24/96ಕ್ಕೆ ನಿಲ್ಲುತ್ತವೆ. ಅದನ್ನು ಮೀರಬೇಕಾದರೆ ಆಡಿಯೊ ಕ್ಲಾಸ್ 2 ಬೇಕು. ಕೆಲವು ಡ್ಯಾಕ್‌ಗಳ ಹಿಂಬದಿಯಲ್ಲಿ ಇವೆರಡರ ನಡುವೆ ಬದಲಿಸುವ ಪುಟ್ಟ ಸ್ವಿಚ್ ಇರುತ್ತದೆ. ಅದು 1ರಲ್ಲಿ ನಿಂತಿದ್ದರೆ 192ರ ಫೈಲ್ ಹಾಗೆಯೇ ಹೋಗಲು ದಾರಿಯೇ ಇಲ್ಲ.

ಮುಂದಿನದು ಸಂಗೀತ ಮನೆಯೊಳಗೆ ಯಾವ ವಿಧಾನದಲ್ಲಿ ಓಡಾಡುತ್ತದೆ ಎಂಬುದು. ನನ್ನ ಅನುಭವದಲ್ಲಿ ಅರ್ಧಕ್ಕೂ ಹೆಚ್ಚು ತೊಂದರೆಗಳು ಇಲ್ಲೇ ಇರುತ್ತವೆ. ಬ್ಲೂಟೂತ್‌ನಲ್ಲಿ ಹೈ ರೆಸೊಲ್ಯೂಶನ್ ಸಂಗೀತಕ್ಕೆ ನಷ್ಟ ಬಹುತೇಕ ಖಚಿತ. ಅದರ ಉತ್ತಮ ಕೋಡೆಕ್‌ಗಳಲ್ಲಿ (ಸಂಗೀತವನ್ನು ಕುಗ್ಗಿಸಿ ಕಳುಹಿಸುವ ವಿಧಾನಗಳಲ್ಲಿ) ಒಂದಾದ ಎಲ್‌ಡ್ಯಾಕ್ ಕೂಡ ಗರಿಷ್ಠ 990 ಕಿಲೋಬಿಟ್ ಮಾತ್ರ ಒಯ್ಯುತ್ತದೆ, ಸಿಡಿಗೆ ಬೇಕಾದಷ್ಟೂ ಅಲ್ಲ. ಆ್ಯಪಲ್‌ನ ಮೊದಲ ತಲೆಮಾರಿನ ಏರ್‌ಪ್ಲೇ 16 ಬಿಟ್, 44.1 ಕಿಲೋಹರ್ಟ್ಸ್‌ಗೆ ಸೀಮಿತ. ಗೂಗಲ್‌ನ ಕ್ರೋಮ್‌ಕಾಸ್ಟ್ ಆಡಿಯೊ 24/96ವರೆಗೆ ಬರುತ್ತಿತ್ತು. ಸೊನೋಸ್ ಸ್ಪೀಕರ್‌ಗಳು ಬಳಸುವ ವ್ಯವಸ್ಥೆ 24 ಬಿಟ್, 48ಕ್ಕೆ ನಿಲ್ಲುತ್ತದೆ. ಇವುಗಳಲ್ಲಿ ಯಾವುದೂ ಕೆಟ್ಟದ್ದಲ್ಲ, ಆದರೆ 192ರ ಫೈಲನ್ನು ಇವುಗಳ ಮೂಲಕ ಕಳುಹಿಸಿ 192 ಕೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಫೋನ್‌ನಿಂದಲೇ 'ಕಳುಹಿಸುವ' ಅಭ್ಯಾಸವಿದ್ದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಫೋನ್ ರಿಮೋಟಿನ ಕೆಲಸ ಮಾತ್ರ ಮಾಡಲಿ. ಸಂಗೀತ ಸರ್ವರ್‌ನಿಂದ ನೇರವಾಗಿ ಪ್ಲೇಯರ್‌ಗೆ ಹರಿಯಲಿ.

ಆ ರೀತಿ ನೇರವಾಗಿ ಹರಿಸುವ ದಾರಿಗಳು ಮುಖ್ಯವಾಗಿ ಎರಡು. ಒಂದು ಯುಪಿಎನ್‌ಪಿ, ಮನೆಯ ನೆಟ್‌ವರ್ಕಿನಲ್ಲಿ ಸಾಧನಗಳು ಒಂದನ್ನೊಂದು ಗುರುತಿಸಿ ಮಾತಾಡುವ ಪದ್ಧತಿ. ಅಂಗಡಿಯಲ್ಲಿ ಕೊಳ್ಳುವ ಬಹುತೇಕ ನೆಟ್‌ವರ್ಕ್ ಪ್ಲೇಯರ್‌ಗಳು ಡಿಎಲ್‌ಎನ್‌ಎ ಎಂಬ ಹೆಸರಿನಲ್ಲಿ ಬಳಸುವುದು ಇದನ್ನೇ. ಇನ್ನೊಂದು ಲಿರಿಯನ್ ಮ್ಯೂಸಿಕ್ ಸರ್ವರ್. ಇದು ಸ್ಲಿಮ್ ಡಿವೈಸಸ್ ಎಂಬ ಪುಟ್ಟ ಕಂಪನಿ ತನ್ನ ಸ್ಕ್ವೀಜ್‌ಬಾಕ್ಸ್ ಪ್ಲೇಯರ್‌ಗಳಿಗಾಗಿ ಬರೆದ ತಂತ್ರಾಂಶ. 2006ರಲ್ಲಿ ಲಾಜಿಟೆಕ್ ಆ ಕಂಪನಿಯನ್ನು ಕೊಂಡಿತು, 2012ರಲ್ಲಿ ಸ್ಕ್ವೀಜ್‌ಬಾಕ್ಸ್ ತಯಾರಿಕೆಯನ್ನು ನಿಲ್ಲಿಸಿತು. ಸರ್ವರ್ ತಂತ್ರಾಂಶ ಮುಕ್ತವಾಗಿದ್ದುದರಿಂದ ಬಳಕೆದಾರರೇ ಅದನ್ನು ಉಳಿಸಿ ಬೆಳೆಸಿದರು, 2024ರಲ್ಲಿ ಅದಕ್ಕೆ ಲಿರಿಯನ್ ಎಂಬ ಹೆಸರು ಬಂತು. ಕಂಪನಿ ಕೈಬಿಟ್ಟ ವಸ್ತುವನ್ನು ಜನ ಇಷ್ಟು ವರ್ಷ ಪ್ರೀತಿಯಿಂದ ಪೋಷಿಸಿದ್ದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ. ನಾನು ಬಳಸುವುದು ಇದನ್ನೇ, ಮುಂದಿನ ಹೆಜ್ಜೆಗಳೂ ಇದರವೇ.

ಪ್ಲೇಯರ್ ಸಿದ್ಧಪಡಿಸುವುದು

ಬೇಕಾಗುವ ಸಾಮಾನು ಹೆಚ್ಚಿಲ್ಲ: ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಒಂದು ಮೈಕ್ರೊ ಎಸ್‌ಡಿ ಕಾರ್ಡ್, ಒಳ್ಳೆಯ ಪವರ್ ಅಡಾಪ್ಟರ್, ನಿಮ್ಮ ಡ್ಯಾಕ್. ಪೈ 3ರಲ್ಲಿ ಈಥರ್ನೆಟ್ ಮತ್ತು ಯುಎಸ್‌ಬಿ ಕಿಂಡಿಗಳೆಲ್ಲ ಒಳಗೆ ಒಂದೇ ಯುಎಸ್‌ಬಿ 2 ದಾರಿಯನ್ನು ಹಂಚಿಕೊಳ್ಳುತ್ತವೆ. ಯುಎಸ್‌ಬಿ ಡ್ಯಾಕ್ ಬಳಸುವವರು ಪೈ 4 ಅಥವಾ 5 ಕೊಂಡರೆ ಆ ಇಕ್ಕಟ್ಟು ಇಲ್ಲ. ಪೈ ಮೇಲೆಯೇ ಕೂರುವ ಡ್ಯಾಕ್ ಹಲಗೆಗಳೂ ಸಿಗುತ್ತವೆ, ಹೈಫೈಬೆರಿಯಂಥವು. ಪೈನ ಸ್ವಂತ ಹೆಡ್‌ಫೋನ್ ಕಿಂಡಿಯನ್ನು ಈ ಕೆಲಸಕ್ಕೆ ಬಳಸಬೇಡಿ, 24 ಬಿಟ್ ಸಂಗೀತವನ್ನು ಹೊರಗೆಡಹುವ ಶಕ್ತಿ ಅದಕ್ಕಿಲ್ಲ. ಪೈ 5ರಲ್ಲಿ ಆ ಕಿಂಡಿಯೇ ಇಲ್ಲ.

ಎಸ್‌ಡಿ ಕಾರ್ಡಿಗೆ ಪೈಕೋರ್‌ಪ್ಲೇಯರ್ ಎಂಬ ಉಚಿತ ವ್ಯವಸ್ಥೆಯನ್ನು ಬರೆಯಿರಿ. ಇದನ್ನೇ ಆರಿಸಿಕೊಳ್ಳಲು ನನಗಿದ್ದ ಕಾರಣ ನಮ್ಮ ಊರಿನ ಕರೆಂಟು. ಇದು ಚಾಲೂ ಆದ ಮೇಲೆ ಪೂರ್ತಿಯಾಗಿ ರ್‍ಯಾಮ್‌ನಲ್ಲೇ ಓಡುತ್ತದೆ, ಕಾರ್ಡಿನ ಮೇಲೆ ಸದಾ ಬರೆಯುತ್ತಿರುವುದಿಲ್ಲ. ಹಾಡಿನ ನಡುವೆ ವಿದ್ಯುತ್ ಹೋದರೂ ಕಾರ್ಡ್ ಕೆಡುವ ಭಯ ಬಹಳ ಕಡಿಮೆ. ಆದರೆ ಇದೇ ಕಾರಣಕ್ಕೆ, ಸೆಟ್ಟಿಂಗ್ ಬದಲಿಸಿದಾಗಲೆಲ್ಲ ಉಳಿಸುವ ಗುಂಡಿ ಒತ್ತುವುದನ್ನು ಮರೆಯಬಾರದು, ಮರೆತರೆ ಮುಂದಿನ ಸಲ ಎಲ್ಲ ಹಳೆಯದೇ ಆಗಿರುತ್ತದೆ. ಲಿರಿಯನ್ ಸರ್ವರ್ ಅನ್ನೂ ಇದೇ ಪೈ ಮೇಲೆ ಹಾಕಿ, ಯುಎಸ್‌ಬಿ ಡಿಸ್ಕ್ ಸಿಕ್ಕಿಸಿಬಿಡಬಹುದು. ಬೇರೆ ಕಂಪ್ಯೂಟರ್ ಅಥವಾ ನ್ಯಾಸ್ (ನೆಟ್‌ವರ್ಕ್‌ಗೆ ಸಿಕ್ಕಿಸುವ ಡಿಸ್ಕ್ ಪೆಟ್ಟಿಗೆ) ಇದ್ದರೆ ಅಲ್ಲಿ ಹಾಕಿದರೂ ಸರಿ.

ಇನ್ನು ಪೈ ಪುಟವನ್ನು ಬ್ರೌಸರ್‌ನಲ್ಲಿ ತೆರೆದು ಸ್ಕ್ವೀಜ್‌ಲೈಟ್ ಸೆಟ್ಟಿಂಗ್‌ಗಳಿಗೆ ಹೋಗಿ. ಸ್ಕ್ವೀಜ್‌ಲೈಟ್ ಎಂದರೆ ಪೈ ಒಳಗೆ ನಿಜವಾಗಿ ಹಾಡುವ ತಂತ್ರಾಂಶ. ಇಲ್ಲಿ ಔಟ್‌ಪುಟ್ ಎಂಬ ಜಾಗ ಇಡೀ ಲೇಖನದ ಹೃದಯ. ಪೈಯನ್ನು ನಡೆಸುವ ವ್ಯವಸ್ಥೆಯಾದ ಲಿನಕ್ಸ್‌ನಲ್ಲಿ ಒಂದೇ ಡ್ಯಾಕ್‌ಗೆ ಹಲವು ಹೆಸರುಗಳ ಬಾಗಿಲುಗಳಿರುತ್ತವೆ. 'ಡೀಫಾಲ್ಟ್' ಎಂಬ ಬಾಗಿಲಿನ ಹಿಂದೆ ಹಲವು ಸದ್ದುಗಳನ್ನು ಬೆರೆಸುವ ಮಿಕ್ಸರ್ ಕುಳಿತಿರುವ ಸಂಭವ ಹೆಚ್ಚು, ಅದು ಸಾಮಾನ್ಯವಾಗಿ ಎಲ್ಲವನ್ನೂ 48 ಕಿಲೋಹರ್ಟ್ಸ್‌ಗೆ ತಿರುಗಿಸುತ್ತದೆ. 'ಪ್ಲಗ್‌ಎಚ್‌ಡಬ್ಲ್ಯು' ಎಂದು ಶುರುವಾಗುವ ಬಾಗಿಲು ಡ್ಯಾಕ್‌ಗೆ ಹೊಂದದ್ದನ್ನು ಸದ್ದಿಲ್ಲದೆ ಪರಿವರ್ತಿಸಿ ಕೊಡುತ್ತದೆ. 'ಎಚ್‌ಡಬ್ಲ್ಯು' ಎಂದಷ್ಟೇ ಶುರುವಾಗುವ ಬಾಗಿಲಿನ ಹಿಂದೆ ಯಾರೂ ಇಲ್ಲ, ನೇರವಾಗಿ ಡ್ಯಾಕ್. ಅದನ್ನೇ ಆರಿಸಿ. ನನ್ನ ಹಳೆಯ ಪ್ಲೇಯರ್‌ನಲ್ಲಿ ಕಂಡ 48 ಕೂಡ ಇಂಥದೇ ಒಂದು ಮಿಕ್ಸರ್‌ನ ಕೆಲಸವಾಗಿತ್ತು, ಅದನ್ನು ಬದಲಿಸುವ ಸೆಟ್ಟಿಂಗ್ ಅದರ ಮೆನುವಿನಲ್ಲಿ ಇರಲೇ ಇಲ್ಲ.

ಗರಿಷ್ಠ ಸ್ಯಾಂಪಲ್ ದರ ಮತ್ತು ರೀಸ್ಯಾಂಪ್ಲಿಂಗ್ ಎಂಬ ಜಾಗಗಳನ್ನು ಖಾಲಿ ಬಿಡಿ. ಡ್ಯಾಕ್ ಏನೇನು ಬಲ್ಲದು ಎಂಬುದನ್ನು ಸ್ಕ್ವೀಜ್‌ಲೈಟ್ ತಾನೇ ಕೇಳಿ ತಿಳಿದುಕೊಳ್ಳುತ್ತದೆ.

ಸರ್ವರ್‌ನಲ್ಲಿ ನೋಡಬೇಕಾದ ಕಡೆಗಳು

ಲಿರಿಯನ್ ಪುಟ ಸರ್ವರ್‌ನ ವಿಳಾಸದಲ್ಲಿ 9000ನೇ ಪೋರ್ಟ್‌ನಲ್ಲಿ ತೆರೆದುಕೊಳ್ಳುತ್ತದೆ. ಸೆಟ್ಟಿಂಗ್‌ಗಳ ಅಡ್ವಾನ್ಸ್‌ಡ್ ವಿಭಾಗದಲ್ಲಿ ಫೈಲ್ ಟೈಪ್ಸ್ ಎಂಬ ಉದ್ದನೆಯ ಪಟ್ಟಿ ಇದೆ. ಪ್ರತಿ ಸಾಲೂ 'ಈ ರೂಪದಲ್ಲಿ ಬಂದದ್ದನ್ನು ಆ ರೂಪದಲ್ಲಿ ಕಳುಹಿಸುವುದು ಹೇಗೆ' ಎಂದು ಹೇಳುತ್ತದೆ. ಫ್ಲ್ಯಾಕ್‌ನಿಂದ ಫ್ಲ್ಯಾಕ್ ಎಂಬ ಸಾಲಿನಲ್ಲಿ ನೇಟಿವ್ ಇರಲಿ. ಫ್ಲ್ಯಾಕ್‌ನಿಂದ ಎಂಪಿ3 ಎಂಬ ಸಾಲನ್ನು ನಿಷ್ಕ್ರಿಯಗೊಳಿಸಿ. ಇದು ಅತಿಯಾಯಿತು ಎಂದು ಕೆಲವರಿಗೆ ಅನಿಸಬಹುದು. ಆದರೆ ದಾರಿ ತಪ್ಪಿದಾಗ ಹಾಡು ನಿಂತೇಹೋದರೆ ನಾವು ಎದ್ದು ನೋಡುತ್ತೇವೆ, ಸದ್ದಿಲ್ಲದೆ ಎಂಪಿ3 ಆಗಿ ಬರುತ್ತಿದ್ದರೆ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ.

ಒಂದು ಅಪವಾದವಿದೆ. ಇಡೀ ಕಚೇರಿಯನ್ನು ಒಂದೇ ಫ್ಲ್ಯಾಕ್ ಫೈಲ್ ಮಾಡಿ, ಕೃತಿಗಳ ಆರಂಭವನ್ನು ಕ್ಯೂ ಶೀಟ್‌ನಲ್ಲಿ ಗುರುತಿಸಿಟ್ಟಿದ್ದರೆ, ಸರ್ವರ್ ಅದರ ನಡುವಿನಿಂದ ಒಂದು ತುಂಡನ್ನು ಕತ್ತರಿಸಿ ಕೊಡಬೇಕಾಗುತ್ತದೆ. ಆಗ ಅದು ಫ್ಲ್ಯಾಕ್ ತಂತ್ರಾಂಶದ ಸಹಾಯ ಪಡೆಯಲೇಬೇಕು. ಪದದ ಕಟ್ಟುನಿಟ್ಟಿನ ಅರ್ಥದಲ್ಲಿ ಇದು ನೇಟಿವ್ ಅಲ್ಲ, ಆದರೆ ನಷ್ಟವೂ ಇಲ್ಲ, ಚಿಂತಿಸಬೇಡಿ.

ಹಳೆಯ ಸ್ಕ್ವೀಜ್‌ಬಾಕ್ಸ್ ಇನ್ನೂ ಬಳಸುತ್ತಿರುವವರು ಇದ್ದೀರಿ ಎಂದು ಬಲ್ಲೆ. ಸ್ಕ್ವೀಜ್‌ಬಾಕ್ಸ್ ಕ್ಲಾಸಿಕ್ 48 ಕಿಲೋಹರ್ಟ್ಸ್‌ಗೆ, 2010ರ ಟಚ್ 24/96ಕ್ಕೆ ಸೀಮಿತ. ಅದಕ್ಕಿಂತ ಹೆಚ್ಚಿನದನ್ನು ಸರ್ವರ್ ಸಾಕ್ಸ್ ಎಂಬ ತಂತ್ರಾಂಶದಿಂದ ಇಳಿಸಿ ಕಳುಹಿಸುತ್ತದೆ. ಸಾಕ್ಸ್ ಮಾಡುವ ಪರಿವರ್ತನೆ ಅಚ್ಚುಕಟ್ಟಾದದ್ದು. ಒಳ್ಳೆಯ ಸ್ಥಿತಿಯಲ್ಲಿರುವ ಟಚ್ ಅನ್ನು ಇದೊಂದೇ ಕಾರಣಕ್ಕೆ ಮಾರಬೇಡಿ.

ಅದೇ ಸೆಟ್ಟಿಂಗ್‌ಗಳಲ್ಲಿ ಪ್ಲೇಯರ್‌ನ ಆಡಿಯೊ ಪುಟಕ್ಕೆ ಹೋಗಿ. ಬಿಟ್‌ರೇಟ್ ಮಿತಿ ಇರಬಾರದು. ವಾಲ್ಯೂಮ್ ನೂರಕ್ಕೆ ಸ್ಥಿರವಾಗಿರಲಿ, ಸದ್ದನ್ನು ಆಂಪ್ಲಿಫೈಯರ್‌ನಲ್ಲೇ ಏರಿಸಿ ಇಳಿಸಿ. ಬದಲಿಸುವ ಮೊದಲು ಆಂಪ್ಲಿಫೈಯರ್ ತಗ್ಗಿಸಿಕೊಳ್ಳಿ, ನೂರಕ್ಕೆ ಏರಿದ ಸದ್ದು ಸ್ಪೀಕರನ್ನೂ ಕಿವಿಯನ್ನೂ ನೋಯಿಸೀತು. ರಿಪ್ಲೇಗೇನ್ ಎಂಬ ಸದ್ದು ಸಮಗೊಳಿಸುವ ವ್ಯವಸ್ಥೆ ಮತ್ತು ಹಾಡುಗಳ ನಡುವಿನ ಕ್ರಾಸ್‌ಫೇಡ್ (ಒಂದು ಹಾಡು ಇಳಿಯುತ್ತ ಇನ್ನೊಂದು ಏರುವುದು) ಎರಡೂ ಸಂಖ್ಯೆಗಳನ್ನು ಬದಲಿಸುತ್ತವೆ, ಅವೂ ಆಫ್ ಆಗಿರಲಿ. ಮನೆಯಲ್ಲಿ ಹಿರಿಯರು ಫೋನ್‌ನಿಂದಲೇ ಸದ್ದು ಕಡಿಮೆ ಮಾಡಬೇಕು ಎಂದರೆ ಹಾಗೆಯೇ ಬಿಟ್ಟುಕೊಡಿ. 24 ಬಿಟ್ ದಾರಿಯಲ್ಲಿ ಸ್ವಲ್ಪ ಡಿಜಿಟಲ್ ವಾಲ್ಯೂಮ್ ಇಳಿಸಿದರೆ ಆಗುವ ನಷ್ಟ ಕಿವಿಗೆ ಗೊತ್ತಾಗುವಂಥದಲ್ಲ.

ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳುವುದು

ಫೋನಿನ ಆಪ್‌ನಲ್ಲಿ '24 ಬಿಟ್, 96' ಎಂದು ಕಾಣುವುದು ಫೈಲ್‌ನ ವಿವರ. ಡ್ಯಾಕ್ ಸೇರುತ್ತಿರುವುದರ ವಿವರ ಅದಲ್ಲ. ಡ್ಯಾಕ್‌ನಲ್ಲಿ ಪರದೆ ಅಥವಾ ದರ ತೋರಿಸುವ ಬಣ್ಣದ ದೀಪ ಇದ್ದರೆ ಅದನ್ನು ನಂಬಿ. 44.1, 96, 192 ಹೀಗೆ ಮೂರು ಬೇರೆ ದರಗಳ ಫೈಲ್ ಹಾಕಿ, ಪ್ರತಿ ಸಲವೂ ಅದು ಬದಲಾಗಬೇಕು.

ಪರದೆ ಇಲ್ಲದಿದ್ದರೆ ಲಿನಕ್ಸ್ ತಾನೇ ಉತ್ತರ ಹೇಳುತ್ತದೆ. ಹಾಡು ನುಡಿಯುತ್ತಿರುವಾಗಲೇ ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರ್‌ನಿಂದ ಆದೇಶ ಕೊಡುವ ವಿಧಾನ) ಮೂಲಕ ಪೈ ಒಳಗೆ ಹೋಗಿ. ಪ್ರೊಕ್ ಎಂಬ ಫೋಲ್ಡರ್‌ನೊಳಗೆ ಎಸೌಂಡ್ (asound), ಅದರೊಳಗೆ ನಿಮ್ಮ ಕಾರ್ಡಿನ ಸಂಖ್ಯೆಯ ಫೋಲ್ಡರ್, ಅದರೊಳಗೆ ಪಿಸಿಎಂ 0ಪಿ, ಮತ್ತೆ ಸಬ್ 0, ಅಲ್ಲಿ ಎಚ್‌ಡಬ್ಲ್ಯು ಪ್ಯಾರಮ್ಸ್ (hw_params) ಎಂಬ ಪುಟ್ಟ ಫೈಲ್ ಇದೆ. ಅದನ್ನು ಕ್ಯಾಟ್ ಆದೇಶದಿಂದ ತೆರೆದರೆ ಈ ಕ್ಷಣದಲ್ಲಿ ಡ್ಯಾಕ್‌ಗೆ ಹೋಗುತ್ತಿರುವ ದರ ಕಾಣುತ್ತದೆ: 96000 ಇದ್ದರೆ ಗೆದ್ದಿರಿ. ಹಾಡು ನಿಂತಿದ್ದರೆ ಮುಚ್ಚಿದೆ ಎಂದಷ್ಟೇ ಬರುತ್ತದೆ. ಫಾರ್ಮ್ಯಾಟ್ ಸಾಲಿನಲ್ಲಿ 24ರ ಬದಲು 32 ಕಂಡರೆ ಗಾಬರಿ ಬೇಡ. 24 ಬಿಟ್‌ಗಳನ್ನು 32ರ ಡಬ್ಬಿಯಲ್ಲಿಟ್ಟು ಉಳಿದ ಜಾಗಕ್ಕೆ ಸೊನ್ನೆ ತುಂಬಿ ಕಳುಹಿಸುವುದು ಮಾಮೂಲು ಕ್ರಮ.

ದರ ಸರಿಯಿದ್ದ ಮಾತ್ರಕ್ಕೆ ಸಂಖ್ಯೆಗಳೂ ಬದಲಾಗಿಲ್ಲ ಎನ್ನಲಾಗದು. ಅದಕ್ಕೊಂದು ಹಳೆಯ, ಬಹಳ ಚೆಂದದ ಪರೀಕ್ಷೆ ಇದೆ. ಮನೆಯಲ್ಲಿ ಹೋಮ್ ಥಿಯೇಟರ್ ರಿಸೀವರ್ ಇದ್ದು, ಪ್ಲೇಯರ್‌ಗೆ ಆಪ್ಟಿಕಲ್ ಅಥವಾ ಕೊಆಕ್ಸಿಯಲ್ ಔಟ್‌ಪುಟ್ ಇದ್ದರೆ, ಡಿಟಿಎಸ್ (ಹೋಮ್ ಥಿಯೇಟರ್‌ನ ಸರೌಂಡ್ ಸದ್ದಿನ ಒಂದು ರೂಪ) ಸಂಗೀತ ತುಂಬಿದ 16 ಬಿಟ್, 44.1ರ ವೇವ್ ಫೈಲ್ ಒಂದನ್ನು ಪ್ಲೇಯರ್‌ನಿಂದ ರಿಸೀವರ್‌ಗೆ ಕಳುಹಿಸಿ. ದಾರಿಯಲ್ಲಿ ಯಾರೂ ಕೈಯಾಡಿಸಿಲ್ಲದಿದ್ದರೆ ರಿಸೀವರ್ ಡಿಟಿಎಸ್ ಎಂದು ಗುರುತಿಸಿ ಹಾಡುತ್ತದೆ. ಯಾರಾದರೂ ವಾಲ್ಯೂಮ್ ಅಥವಾ ದರ ಬದಲಿಸಿದ್ದರೆ ಬರುವುದು ಬರೀ ಭೋರ್ಗರೆತ. ಆದ್ದರಿಂದ ಮೊದಲು ಸದ್ದು ತಗ್ಗಿಸಿಯೇ ಪರೀಕ್ಷಿಸಿ.

ಡಿಎಸ್‌ಡಿ ಇರುವವರಿಗೆ

1999ರಲ್ಲಿ ಸೂಪರ್ ಆಡಿಯೊ ಸಿಡಿಯೊಂದಿಗೆ ಬಂದ ಡಿಎಸ್‌ಡಿ ಬೇರೆಯದೇ ಜಾತಿ. ಒಂದೇ ಬಿಟ್, ಆದರೆ ಸೆಕೆಂಡಿಗೆ 28,22,400 ಸಲ, ಅಂದರೆ ಸಿಡಿಯ ದರದ 64 ಪಟ್ಟು. ಫೈಲ್‌ಗಳು ಡಿಎಸ್‌ಎಫ್ ಅಥವಾ ಡಿಎಫ್‌ಎಫ್ ಹೆಸರಿನಲ್ಲಿರುತ್ತವೆ. ಡಿಎಸ್‌ಎಫ್‌ನಲ್ಲಿ ಹಾಡಿನ ವಿವರಗಳನ್ನು ಟ್ಯಾಗ್ ಆಗಿ ಇಡುವುದು ಸುಲಭ, ಆಯ್ಕೆ ಇದ್ದರೆ ಅದನ್ನೇ ಇಟ್ಟುಕೊಳ್ಳಿ.

ಇದನ್ನು ಡ್ಯಾಕ್‌ಗೆ ಸೇರಿಸಲು ಎಲ್ಲಕ್ಕಿಂತ ಹೆಚ್ಚು ಕಡೆ ನಡೆಯುವ ಉಪಾಯ ಡಿಒಪಿ. 24 ಬಿಟ್‌ಗಳ ಪಿಸಿಎಂ ಚೀಲದಲ್ಲಿ 16 ಬಿಟ್ ಡಿಎಸ್‌ಡಿ ತುಂಬಿ, ಉಳಿದ 8 ಬಿಟ್‌ಗಳಲ್ಲಿ 'ಇದು ಡಿಎಸ್‌ಡಿ' ಎಂಬ ಗುರುತು ಹಾಕಿ ಕಳುಹಿಸುತ್ತಾರೆ. ಹಾಗಾಗಿ ಡಿಎಸ್‌ಡಿ 64ಕ್ಕೆ 176.4 ಕಿಲೋಹರ್ಟ್ಸ್‌ನ, ಡಿಎಸ್‌ಡಿ 128ಕ್ಕೆ 352.8ರ ದಾರಿ ಬೇಕು. ಸ್ಕ್ವೀಜ್‌ಲೈಟ್‌ನಲ್ಲಿ ಡಿಒಪಿ ಆಯ್ಕೆಯನ್ನು ಚಾಲೂ ಮಾಡಿ. ಇಲ್ಲಿ ವಾಲ್ಯೂಮ್ ನೂರರಲ್ಲೇ ಇರುವುದು ಅನಿವಾರ್ಯ. ವಾಲ್ಯೂಮ್ ಸ್ವಲ್ಪ ಇಳಿದರೂ ಗುರುತು ಅಳಿಸಿ, ಡ್ಯಾಕ್ ಅದನ್ನು ಸಾಮಾನ್ಯ ಪಿಸಿಎಂ ಎಂದು ತಿಳಿದು ಸುಯ್ ಎಂಬ ಸದ್ದು ಹೊರಡಿಸುತ್ತದೆ. ಡ್ಯಾಕ್‌ಗೆ ಡಿಒಪಿ ಗೊತ್ತಿಲ್ಲದಿದ್ದರೂ ಕೇಳಿಸುವುದು ಅದೇ ಸದ್ದು. ಆಗ ಡಿಒಪಿ ಆಯ್ಕೆ ತೆಗೆದುಬಿಡಿ, ಸ್ಕ್ವೀಜ್‌ಲೈಟ್ ಡಿಎಸ್‌ಡಿಯನ್ನು ಪಿಸಿಎಂಗೆ ತಿರುಗಿಸಿ ನುಡಿಸುತ್ತದೆ. ಡಿಎಸ್‌ಡಿ ಸಂಗ್ರಹ ನಾಲ್ಕೈದು ಆಲ್ಬಂಗಳಷ್ಟೇ ಇದ್ದರೆ ಅದಕ್ಕಾಗಿ ಹೊಸ ಡ್ಯಾಕ್ ಕೊಳ್ಳಬೇಡಿ ಎಂಬುದು ನನ್ನ ಅಭಿಪ್ರಾಯ.

ಫೈಲ್‌ಗಳನ್ನೂ ಒಮ್ಮೆ ಪರೀಕ್ಷಿಸಿ

ಹಣ ಕೊಟ್ಟು ಕೊಂಡ 96 ಕಿಲೋಹರ್ಟ್ಸ್ ಫೈಲ್ ನಿಜವಾಗಿ ಸಿಡಿಯಿಂದ ಉಬ್ಬಿಸಿದ್ದಾಗಿರಬಹುದು. ಸ್ಪೆಕ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದರೆ ಆವರ್ತನಗಳ ಚಿತ್ರ ಕಾಣುತ್ತದೆ. ಸುಮಾರು 22 ಕಿಲೋಹರ್ಟ್ಸ್‌ನಲ್ಲಿ ಗೋಡೆ ಕಟ್ಟಿದಂತೆ ಚಿತ್ರ ನಿಂತಿದ್ದರೆ ಅದು ಸಿಡಿಯಿಂದ ಬಂದದ್ದು, 16ರಲ್ಲೇ ನಿಂತಿದ್ದರೆ ಎಂಪಿ3ಯಿಂದ ಬಂದಿರುವ ಅನುಮಾನ ಬಲವಾದದ್ದು. ಕ್ಯಾಸೆಟ್‌ನಿಂದ ಇಳಿಸಿದ್ದರಲ್ಲಿ ಮೇಲ್ಭಾಗ ಹೇಗೂ ಬರೀ ಶಬ್ದಕಸ, ಅಲ್ಲಿ ಈ ಪರೀಕ್ಷೆಗೆ ಅರ್ಥವಿಲ್ಲ. ಫ್ಲ್ಯಾಕ್ ಫೈಲ್ ತನ್ನೊಳಗೇ ಸಂಗೀತದ ಎಂಡಿ5 ಮೊತ್ತವನ್ನು (ಒಂದು ಬಿಟ್ ಬದಲಾದರೂ ತಾಳೆಯಾಗದ ಗುರುತು ಸಂಖ್ಯೆಯನ್ನು) ಇಟ್ಟುಕೊಂಡಿರುತ್ತದೆ. ಆದ್ದರಿಂದ ಹಳೆಯ ಡಿಸ್ಕ್‌ನಿಂದ ನಕಲು ಮಾಡಿದ ಮೇಲೆ ಫ್ಲ್ಯಾಕ್‌ನ ಟೆಸ್ಟ್ ಆಯ್ಕೆಯಿಂದ ಒಮ್ಮೆ ಎಲ್ಲವನ್ನೂ ಪರೀಕ್ಷಿಸಬಹುದು. ಹಾಳಾದ ಫೈಲ್ ಯಾವುದೆಂದು ಅದೇ ಹೇಳುತ್ತದೆ.

ವೇವ್ ಫೈಲ್‌ಗಳನ್ನು ಫ್ಲ್ಯಾಕ್‌ಗೆ ಬದಲಿಸಿ ಎಂದು ನಾನು ಒತ್ತಿ ಹೇಳಲು ಜಾಗದ ಉಳಿತಾಯವಷ್ಟೇ ಕಾರಣವಲ್ಲ. ಫ್ಲ್ಯಾಕ್‌ನ ಟ್ಯಾಗ್‌ಗಳು ಯೂನಿಕೋಡ್‌ನಲ್ಲೇ ಇರುತ್ತವೆ, ರಾಗ, ತಾಳ, ವಾಗ್ಗೇಯಕಾರರ ಹೆಸರನ್ನು ಕನ್ನಡದಲ್ಲೇ ಬರೆದಿಡಬಹುದು. ಪುರಂದರದಾಸರ ದೇವರನಾಮಗಳನ್ನೆಲ್ಲ ಒಂದೆಡೆ ತೆರೆದು ನೋಡುವ ಸುಖ ಆಗ ಸಿಗುತ್ತದೆ. ವೇವ್‌ನಲ್ಲಿ ಟ್ಯಾಗ್‌ಗಳ ಪಾಡು ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆ.

ಕೊನೆಯ ಪರೀಕ್ಷೆ ಕಿವಿಯದು. ರಾಗ, ತಾನ, ಪಲ್ಲವಿಯನ್ನು ಮೂರು ಫೈಲ್‌ಗಳಾಗಿ ಕತ್ತರಿಸಿಟ್ಟ ಒಂದು ಕಚೇರಿಯನ್ನು ಹಾಕಿ. ಒಂದು ಫೈಲ್ ಮುಗಿದು ಇನ್ನೊಂದು ಶುರುವಾಗುವಾಗ ತಂಬೂರಿಯ ನಾದ ಅರೆಕ್ಷಣವೂ ಮುರಿಯಬಾರದು. ಲಿರಿಯನ್ ಮತ್ತು ಸ್ಕ್ವೀಜ್‌ಲೈಟ್ ಜೋಡಿ ಇದನ್ನು ಸಲೀಸಾಗಿ ಮಾಡುತ್ತದೆ. ಯುಪಿಎನ್‌ಪಿ ಪ್ಲೇಯರ್‌ನಲ್ಲಿ ಮುಂದಿನ ಹಾಡಿನ ವಿಳಾಸವನ್ನು ಮೊದಲೇ ಪಡೆದಿಟ್ಟುಕೊಳ್ಳುವ ಸೌಲಭ್ಯ ಇರಬೇಕು, ಅದನ್ನು ನಿಯಂತ್ರಿಸುವ ಆಪ್ ಕೂಡ ಆ ಸೌಲಭ್ಯವನ್ನು ಬಳಸಬೇಕು. ಎರಡು ಫೈಲ್‌ಗಳ ಸ್ಯಾಂಪಲ್ ದರ ಬೇರೆಯಾಗಿದ್ದರೆ ಡ್ಯಾಕ್ ಹೊಸ ದರಕ್ಕೆ ಹೊಂದಿಕೊಳ್ಳುವಾಗ ಸಣ್ಣ ವಿರಾಮ ಬಂದೇ ಬರುತ್ತದೆ, ಅದು ತಪ್ಪಲ್ಲ. ಒಂದೇ ದರದ ಫೈಲ್‌ಗಳ ನಡುವೆಯೂ ತಂಬೂರಿ ತುಂಡಾಗುತ್ತಿದ್ದರೆ ಮೊದಲು ಕ್ರಾಸ್‌ಫೇಡ್ ಆಫ್ ಆಗಿದೆಯೇ ನೋಡಿ. ಆಮೇಲೆ, ಫೈಲ್ ಕತ್ತರಿಸುವಾಗಲೇ ಕೊನೆಯಲ್ಲಿ ಮೌನದ ಒಂದು ತುಣುಕು ಸೇರಿಕೊಂಡಿದೆಯೇ ಎಂದು ಎಡಿಟರ್‌ನಲ್ಲಿ ತೆರೆದು ನೋಡಿ. ನನ್ನ ತಂದೆಯ ಕ್ಯಾಸೆಟ್‌ಗಳಲ್ಲಿ ಎರಡು ಕಡೆ ಆಗಿದ್ದು ಇದೇ, ಕತ್ತರಿಸಿದ್ದು ನಾನೇ. ಮೂಲ ಉದ್ದನೆಯ ಫೈಲ್‌ಗಳನ್ನು ಅಳಿಸದೆ ಇಟ್ಟಿದ್ದರಿಂದ ಮತ್ತೆ ಸರಿಯಾಗಿ ಕತ್ತರಿಸಲು ಸಾಧ್ಯವಾಯಿತು.